ಮಿರೆಕ್ ಚೆಂಡನ್ನು ಗೆರೆಯಾಚೆ ಹಾಕಿದ ದಿನ

ಶನಿವಾರ ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷ. ಕಾರಿನ ಗಡಿಯಾರದ ಹಸಿರು ಅಂಕಿಗಳ ಮೇಲೆ ನನ್ನ ಕಣ್ಣು ಇದ್ದಾಗಲೇ, ಕಾರು ಓಡಿಸುತ್ತಿದ್ದ ಮಿರೆಕ್ ನನ್ನ ಕಡೆ ತಿರುಗಿ, "ಓಲೊಮೌಟ್ಸ್ ದಾಟಿತೇ?" ಎಂದು ಕೇಳಿದರು.

ಓಲೊಮೌಟ್ಸ್ ಚೆಕ್ ದೇಶದ ಒಂದು ಊರು. ನಾವಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ ಕಡೆಯಿಂದ ಸ್ಯಾನ್ ಡಿಯೇಗೋಗೆ ಇಳಿಯುವ ಹೆದ್ದಾರಿಯ ಮೇಲೆ. ಬಲಕ್ಕೆ ಸಮುದ್ರ ಬೆಳ್ಳಗೆ ಹೊಳೆಯುತ್ತಿತ್ತು. ಸ್ಯಾನ್ ಕ್ಲೆಮೆಂಟೆ ಊರು ಹಿಂದೆ ಸರಿದು ಐದು ನಿಮಿಷವೂ ಆಗಿರಲಿಲ್ಲ. ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತಂಗಿಯ ಹದಿಮೂರು ವರ್ಷದ ಮಗಳು ಕೂತಿದ್ದಳು.

ಕಾರ್ಮೆಲ್ ವ್ಯಾಲಿ, ಮೊದಲ ವಾರ

ನಾನು ಬೆಳಗಾವಿಯವಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಕ್ರೀಡಾ ಪುಟ ನೋಡಿಕೊಂಡವಳು. ಕೋವಿಡ್ ಮುಗಿದು ವಿಮಾನಗಳು ಸಲೀಸಾದ ಮೇಲೆ ತಂಗಿ ಸುಜಾತಾ ಹಟ ಹಿಡಿದು ಆರು ವಾರಕ್ಕೆ ಸ್ಯಾನ್ ಡಿಯೇಗೋದ ಕಾರ್ಮೆಲ್ ವ್ಯಾಲಿಯ ತನ್ನ ಮನೆಗೆ ಕರೆಸಿಕೊಂಡಳು. ಅವಳ ಗಂಡ ರಘು ಕಾರ್ಲ್ಸ್‌ಬಾಡ್‌ನ ಔಷಧ ಕಂಪನಿಯೊಂದರಲ್ಲಿ ಇಂಜಿನಿಯರ್. ಮಗಳು ತನು ಫುಟ್‌ಬಾಲ್ ಆಡುತ್ತಾಳೆ. ಅಲ್ಲಿ ಮಕ್ಕಳು ಆಡುವುದೆಂದರೆ ಅಪ್ಪ ಅಮ್ಮ ಡ್ರೈವ್ ಮಾಡುವುದು. ಸಂಜೆ ನಾಲ್ಕಾದರೆ ಸಾಕು, ಓಣಿಯ ಒಂದೊಂದು ಮನೆಯ ಗ್ಯಾರೇಜ್ ಬಾಗಿಲೂ ಮೇಲೆದ್ದು ಒಂದೊಂದು ಕಾರು ಹೊರಗೆ ಬರುತ್ತದೆ. ಬೆಳಗಾವಿಯಲ್ಲಿ ನಾವು ಮಳೆಗಾಲದ ಕೆಸರಿನಲ್ಲಿ ಆಡುವವರನ್ನು ಕಾಂಪೌಂಡ್ ಗೋಡೆಯ ಮೇಲೆ ಕೂತು ನೋಡುತ್ತಿದ್ದೆವು. ಇಲ್ಲಿ ತಾಯಂದಿರು ಮಡಚುವ ಕುರ್ಚಿ ತಂದು ಗೆರೆಯ ಪಕ್ಕ ಸಾಲಾಗಿ ಕೂರುತ್ತಾರೆ. ಕೈಯಲ್ಲಿ ಕಾಫಿ, ಕಾಲ ಮೇಲೆ ಕಂಬಳಿ.

ಮೊದಲ ದಿನವೇ ಮಿರೆಕ್‌ರನ್ನು ಕಂಡೆ. ಹೆಸರು ಮಿರೊಸ್ಲಾವ್ ಕ್ಲೆಪಾಚ್, ಅರವತ್ತು ದಾಟಿದ ವಯಸ್ಸು, ಬಿಲ್ಲಿನಂತೆ ಬಾಗಿದ ಕಾಲುಗಳು, ಚಪ್ಪಟೆಯಾದ ಹಣೆ. ತನುವಿನ ತಂಡದ ಕೋಚ್. ಹುಡುಗಿಯರು ಜೋರಾಗಿ ಆಡುತ್ತಿದ್ದಾಗ ಅವರು ಒಬ್ಬಳ ಭುಜ ಮುಟ್ಟಿದರು. ಅವಳು ತಟ್ಟನೆ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. ಉಳಿದವರು "ಪ್ಲೇಯರ್ ಡೌನ್! ಪ್ಲೇಯರ್ ಡೌನ್!" ಎಂದು ಕೂಗಿದರು. ಚೆಂಡು ಯಾರ ಕಾಲಲ್ಲಿತ್ತೋ ಅವಳು ಹಿಂದುಮುಂದು ನೋಡದೆ ಅದನ್ನು ಗೆರೆಯಾಚೆ ಒದ್ದಳು. ಆಮೇಲೆ ಎಲ್ಲರೂ ಮಲಗಿದವಳ ಹತ್ತಿರ ಓಡಿದರು.

"ಇದೇನ ಹೊಸಾ ಆಟ?" ಎಂದು ಸುಜಾತಾಳನ್ನು ಕೇಳಿದೆ.

"ಅದು ಅವ್ರ ಮೊದಲನೇ ಪಾಠ ಅಕ್ಕಾ. ಪಾಸ್ ಕೊಡೂದು, ಗೋಲ್ ಹೊಡಿಯೂದು ಎಲ್ಲಾ ಆಮ್ಯಾಲೆ. ಯಾರರ ಬಿದ್ರ ಚೆಂಡು ಹೊರಗ. ವಾರದಾಗ ಹತ್ತು ಸಲ ಮಾಡಸ್ತಾರ."

"ನಮ್ಮ ಬೆಳಗಾವಿಯೊಳಗ ಹಿಂಗ ಮಾಡಿದ್ರ ಒಂದು ಮ್ಯಾಚೂ ಮುಗಿತಿದ್ದಿಲ್ಲ. ನಮ್ಮವರು ಟೈಮ್ ಹಾಳು ಮಾಡಾಕ ಬೀಳತಿದ್ರು!"

ಸುಜಾತಾ ನಕ್ಕಳು. ನನಗೆ ಲೇಖನದ ವಾಸನೆ ಬಡಿಯಿತು. ರಜೆಗೆ ಬಂದಿದ್ದರೂ ಪತ್ರಿಕೆಯವರ ಕಾಯಿಲೆ ಬಿಡುವುದಿಲ್ಲ. ಮರುದಿನ ನೋಟ್‌ಬುಕ್ ಹಿಡಿದು ಮಿರೆಕ್‌ರ ಮನೆಗೆ ಹೋದೆ.

ಅವರ ಆಟದ ಬದುಕನ್ನು ಎರಡು ದಿನ ಬರೆದುಕೊಂಡೆ. ಚೆಕ್ ದೇಶದ ಓಸ್ಟ್ರಾವಾ ಕಡೆಯ ಕಲ್ಲಿದ್ದಲ ಗಣಿ ಊರು, ಗಣಿ ಕೆಲಸದ ತಂದೆ, ಗಣಿಯವರದ್ದೇ ಕ್ಲಬ್ಬು. ಹತ್ತೊಂಬತ್ತಕ್ಕೆ ಕಡ್ಡಾಯ ಸೇನೆ. ಅಲ್ಲಿಯೂ ಬಂದೂಕಿಗಿಂತ ಚೆಂಡೇ ಹೆಚ್ಚು. ಆಮೇಲೆ ಮೊದಲ ದರ್ಜೆಯ ಲೀಗಿನಲ್ಲಿ ನಡು ಮೈದಾನದ ಆಟಗಾರ. "ನಡುವೆ ಆಡುವವನೆಂದರೆ ಈಗ ಕಲಾವಿದ. ಆಗ ನಾನು ಕೂಲಿ," ಎಂದರು. ಎದುರಾಳಿ ಗೋಲ್‌ಕೀಪರ್ ದೂರಕ್ಕೆ ಒದ್ದ ಚೆಂಡು ಆಕಾಶದಿಂದ ಬೀಳುವಾಗ ಅದಕ್ಕೆ ತಲೆ ಕೊಡುವುದು ಅವರ ಕೆಲಸ. ಮಳೆಯಲ್ಲಿ ನೆನೆದ ಚರ್ಮದ ಚೆಂಡು ಇಟ್ಟಿಗೆಯಷ್ಟು ಭಾರ. ಅಭ್ಯಾಸ ಮುಗಿದ ಮೇಲೆ ಹಗ್ಗಕ್ಕೆ ಕಟ್ಟಿದ ಚೆಂಡನ್ನು ಮತ್ತೆ ಮತ್ತೆ ತಲೆಯಿಂದ ಗುದ್ದಿಸುತ್ತಿದ್ದರಂತೆ. "ಕೆಲವು ಸಂಜೆ ಮನೆಯ ದಾರಿ ಯಾನಾ ಹೇಳಬೇಕಾಗುತ್ತಿತ್ತು," ಎಂದು ನಕ್ಕರು. ಯಾನಾ ಅವರ ಹೆಂಡತಿ. ಎರಡು ವರ್ಷದ ಹಿಂದೆ ತೀರಿಕೊಂಡಿದ್ದಾರೆಂದು ಸುಜಾತಾ ಹೇಳಿದ್ದಳು. ನಾನೂ ನಕ್ಕು ಆ ಮಾತನ್ನು ಬರೆದುಕೊಂಡೆ, ಒಳ್ಳೆಯ ವಾಕ್ಯ ಸಿಕ್ಕಿತೆಂದು.

ರಾಷ್ಟ್ರೀಯ ತಂಡಕ್ಕೆ ಒಮ್ಮೆ ಕರೆ ಬಂದಿತ್ತು. ಹನ್ನೊಂದು ನಿಮಿಷ ಗೆರೆಯ ಪಕ್ಕ ಓಡಾಡಿ ಮೈ ಬಿಸಿ ಮಾಡಿಕೊಂಡರು. ಒಳಗೆ ಕಳಿಸಲಿಲ್ಲ. ಕಮ್ಯುನಿಸ್ಟ್ ಆಡಳಿತ ಬಿದ್ದು ಗಡಿ ತೆರೆದ ಮೇಲೆ ಜರ್ಮನಿಯ ಎರಡನೇ ದರ್ಜೆ, ಮೊಣಕಾಲಿಗೆ ಪೆಟ್ಟು, ಸೈಪ್ರಸ್‌ನಲ್ಲಿ ಎರಡು ವರ್ಷ, ಕೊನೆಗೆ ಸ್ಯಾನ್ ಡಿಯೇಗೋದ ಒಳಾಂಗಣ ಫುಟ್‌ಬಾಲ್. ಅಲ್ಲೇ ನಿವೃತ್ತಿ, ಅಲ್ಲೇ ಕೋಚ್.

ಒಂದು ಆಟದ ಕಥೆ ಮಾತ್ರ ಅವರು ತಾವಾಗಿ ಹೇಳಲಿಲ್ಲ. "ಚೆಂಡು ಹೊರಗೆ ಹಾಕುವ ಪಾಠ ಎಲ್ಲಿಂದ ಬಂತು?" ಎಂದು ನಾನು ಕೇಳಿದ ಮೇಲೆ ಹೇಳಿದರು. ಆ ವರ್ಷದ ಲೀಗಿನ ಕೊನೆಯ ಪಂದ್ಯ, ಸಂಜೆ ಐದಕ್ಕೆ, ಓಸ್ಟ್ರಾವಾದಲ್ಲಿ. ಗೆದ್ದರೆ ಲೀಗಿನಲ್ಲಿ ಉಳಿವು, ಸೋತರೆ ಕೆಳ ದರ್ಜೆಗೆ. ಎದುರು ತಂಡದ ಡಿಫೆಂಡರ್ ಒಬ್ಬ ತಲೆಗೆ ಪೆಟ್ಟಾಗಿ ಬಿದ್ದ. ಚೆಂಡು ಇವರ ಕಾಲಲ್ಲಿತ್ತು. ನಿಲ್ಲಿಸು ಎಂದು ಎಲ್ಲರೂ ಕೂಗಿದರು. "ನನಗೆ ಕೇಳಿಸಲಿಲ್ಲ. ಬಿದ್ದವನು ಬಿಟ್ಟ ಜಾಗದಲ್ಲೇ ನುಗ್ಗಿ ಗೋಲು ಹೊಡೆದೆ. ಒಂದು ಸೊನ್ನೆ. ಜನ ನನ್ನನ್ನು ಹೆಗಲ ಮೇಲೆ ಹೊತ್ತರು. ಅವನು ಮತ್ತೆಂದೂ ಆಡಲಿಲ್ಲ."

ಅಂದಿನಿಂದ ಯಾರು ಬಿದ್ದರೂ ಮೊದಲು ಚೆಂಡು ಹೊರಗೆ ಹಾಕುವವರು ಇವರು. ಜೊತೆಗಾರರು ಗೇಲಿ ಮಾಡುತ್ತಿದ್ದರಂತೆ: ಮಿರೆಕ್‌ಗೆ ಗೋಲಿಗಿಂತ ಗೆರೆಯ ಮೇಲೇ ಪ್ರೀತಿ ಎಂದು.

ಇದನ್ನೆಲ್ಲ ಬರೆದುಕೊಳ್ಳುವಾಗ ನನ್ನ ಕಣ್ಣಿಗೆ ಬಿದ್ದ ಬೇರೆ ಸಂಗತಿಗಳೂ ಇದ್ದವು. ನಾನು ಮಾಂಸ ತಿನ್ನುವುದಿಲ್ಲವೆಂದು ಹೇಳಿದ್ದರೂ ಒಂದೇ ಮಧ್ಯಾಹ್ನ ಮೂರು ಸಲ ಸಾಸೇಜ್ ಬೇಕೇ ಎಂದು ಕೇಳಿದರು. ಫ್ರಿಜ್ಜಿನ ಮೇಲೆ, ಕನ್ನಡಿಯ ಮೇಲೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹಳದಿ ಚೀಟಿಗಳು, ಚೆಕ್ ಭಾಷೆಯಲ್ಲಿ. "ಏನಿವು?" ಎಂದರೆ "ನನ್ನ ತಂತ್ರ" ಎಂದು ಕಣ್ಣು ಮಿಟುಕಿಸಿದರು. ಚೆಕ್ ದೇಶದವರು ಅತಿಥಿಯನ್ನು ಒತ್ತಾಯಿಸುವ ಜನ, ಶಿಸ್ತಿನ ಜನ, ಚೀಟಿ ಬರೆದಿಟ್ಟುಕೊಳ್ಳುವ ಜನ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಪರದೇಶಕ್ಕೆ ಹೋದವರು ಮಾಡುವ ತಪ್ಪು ಇದೇ ಇರಬೇಕು. ಕಾಯಿಲೆಯನ್ನು ಆ ದೇಶದ ಪದ್ಧತಿ ಅಂದುಕೊಂಡೆ.

ರೆಡೊಂಡೊ ಬೀಚ್, ಶನಿವಾರ

ಆ ಶನಿವಾರ ತಂಡಕ್ಕೆ ರೆಡೊಂಡೊ ಬೀಚ್‌ನಲ್ಲಿ ಎರಡು ಪಂದ್ಯ. ಸುಜಾತಾಗೆ ಆಫೀಸಿನ ಕೆಲಸ ಬಿತ್ತು, ರಘುವಿಗೆ ಜ್ವರ. ತನುವಿನ ಜೊತೆ ನಾನು ಹೊರಟೆ, ಅವಳ ಗೆಳತಿಯ ತಾಯಿಯ ದೊಡ್ಡ ವ್ಯಾನಿನಲ್ಲಿ.

"ಹೋದ ಗಾಡಿಯೊಳಗ ಬಂದ್ಬಿಡ್ರಿ ಅಕ್ಕಾ," ಎಂದು ಸುಜಾತಾ ಬಾಗಿಲಲ್ಲೇ ಹೇಳಿದ್ದಳು. "ಬ್ಯಾರೇವ್ರ ಕಡೆ ಲಿಫ್ಟ್ ಗಿಫ್ಟ್ ಬ್ಯಾಡ."

ಮೊದಲ ಪಂದ್ಯ ಗೆದ್ದರು, ಎರಡನೆಯದು ಸೋತರು. ಆಟದ ನಡುವೆ ಮಿರೆಕ್ ತನುವನ್ನು ಎರಡು ಸಲ "ಲೆಂಕಾ" ಎಂದು ಕೂಗಿದರು. ಲೆಂಕಾ ಅವರ ಮಗಳು. ರೆಡೊಂಡೊ ಬೀಚ್‌ನಲ್ಲೇ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಪಂದ್ಯ ನೋಡಲು ಬಂದಿದ್ದವಳು ನನ್ನ ಪಕ್ಕ ನಿಂತು, "ಅಪ್ಪ ನಿಮ್ಮ ಜೊತೆ ಸರಿಯಾಗಿ ಮಾತಾಡುತ್ತಾರಾ? ಏನಾದರೂ ವ್ಯತ್ಯಾಸ ಕಂಡಿತಾ?" ಎಂದು ಕೇಳಿದಳು. "ಇಲ್ಲವಲ್ಲ, ಬಹಳ ಚೆನ್ನಾಗಿ ಮಾತಾಡುತ್ತಾರೆ," ಎಂದೆ. ಅಪ್ಪನ ಬಗ್ಗೆ ಮಗಳಿಗೆ ಒಳ್ಳೆಯದನ್ನೇ ಹೇಳಬೇಕು ಅಂದುಕೊಳ್ಳುವುದು ನಮ್ಮ ಕಡೆಯ ಸಂಕೋಚ. ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ಇನ್ನೊಮ್ಮೆ ಕೇಳುತ್ತಾಳೇನೋ ಅನ್ನಿಸಿತು. ಕೇಳಲಿಲ್ಲ.

ಹೊರಡುವಾಗ ಮಿರೆಕ್ ನನ್ನ ಬಳಿ ಬಂದರು. "ಪತ್ರಕರ್ತೆ ಮೇಡಂ, ಜರ್ಮನಿಯ ಕಥೆ ಬಾಕಿ ಇದೆ. ನನ್ನ ಕಾರಿನಲ್ಲಿ ಬನ್ನಿ. ಎರಡು ಗಂಟೆ ದಾರಿ, ಬೇಕಾದಷ್ಟು ಬರೆದುಕೊಳ್ಳಿ."

ಸುಜಾತಾಳ ಮಾತು ನೆನಪಾಯಿತು. ಆದರೆ ಹಿರಿಯರು ತಾವಾಗಿ ಕರೆದಾಗ ಒಲ್ಲೆ ಅನ್ನುವುದು ಹೇಗೆ? ಮೇಲಾಗಿ ಜರ್ಮನಿಯ ಕಥೆಯ ಆಸೆ. ತನು ನನ್ನ ತೋಳು ಜಗ್ಗಿ ಇಂಗ್ಲಿಷಿನಲ್ಲಿ, ವ್ಯಾನಿನಲ್ಲೇ ಹೋಗೋಣ ಎಂದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನನ್ನು ಮಾತ್ರ ನಮ್ಮ ಕಡೆಯ ಹಾಗೆ ಮಾವಶಿ, ಅಂದರೆ ದೊಡ್ಡಮ್ಮ, ಎನ್ನುತ್ತಾಳೆ. "ಬಾ ಸುಮ್ನ," ಎಂದು ಗದರಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದೆ.

ನಾನೇ ಕೂರಿಸಿದೆ. ಅವಳ ಬೆಲ್ಟನ್ನು ಕೂಡ ನಾನೇ ಎಳೆದು ಹಾಕಿದೆ.

ಎಕ್ಸಿಟ್ ಇಲ್ಲದ ದಾರಿ

ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಹೆದ್ದಾರಿಯ ಎರಡೂ ಬದಿ ಸೇನೆಯ ಜಾಗ. ಮೈಲಿಗಟ್ಟಲೆ ಮನೆಯಿಲ್ಲ, ಅಂಗಡಿಯಿಲ್ಲ, ಇಳಿದು ಹೋಗಲು ಎಕ್ಸಿಟ್ ಸಹ ಇಲ್ಲವೆನ್ನುವಷ್ಟು ಅಪರೂಪ. ಒಣ ಗುಡ್ಡ, ಸಮುದ್ರ, ಸಾಲುಗಟ್ಟಿ ಓಡುವ ಕಾರುಗಳು.

"ಓಲೊಮೌಟ್ಸ್ ದಾಟಿತೇ?" ಎಂದು ಅವರು ಎರಡನೇ ಸಲ ಕೇಳಿದಾಗ ಅವರ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ. ಹಣೆಯ ಮೇಲೆ ಬೆವರು ಕೂತಿತ್ತು.

"ಮಿರೆಕ್, ನಾವು ಕ್ಯಾಲಿಫೋರ್ನಿಯಾದಲ್ಲಿ ಇದ್ದೇವೆ," ಎಂದೆ ಮೆಲ್ಲಗೆ.

"ಐದಕ್ಕೆ ಆಟ. ತಂಡ ಬಟ್ಟೆ ಬದಲಿಸುತ್ತಿರುತ್ತದೆ," ಎಂದವರು ಚೆಕ್ ಭಾಷೆಗೆ ಜಾರಿದರು. ಕಾರು ಎಡಗಡೆಯ ವೇಗದ ಸಾಲಿಗೆ ಸರಿಯಿತು. ಮುಳ್ಳು ಎಂಬತ್ತು ಮೈಲಿ ದಾಟಿತು, ಎಂಬತ್ತೈದಾಯಿತು. ನಮ್ಮ ಲೆಕ್ಕದಲ್ಲಿ ಗಂಟೆಗೆ ನೂರ ಮೂವತ್ತೈದು ಕಿಲೋಮೀಟರ್ ಮೇಲೆ. ಹುಬ್ಬಳ್ಳಿಯಲ್ಲಿ ಸ್ಕೂಟಿಯ ಮೇಲೆ ನಲವತ್ತು ದಾಟಿದವಳಲ್ಲ ನಾನು. ಕಾರು ಓಡಿಸಲು ಬರುವುದಿಲ್ಲ. ಸ್ಟೀರಿಂಗ್ ಹಿಡಿದು ಎಳೆದರೆ ಏನಾಗುತ್ತದೆಂದು ಮಾತ್ರ ಗೊತ್ತಿತ್ತು.

ಹಿಂದಿನಿಂದ ತನು ಇಂಗ್ಲಿಷಿನಲ್ಲಿ, "ಮಾವಶಿ, ಕೋಚ್‌ಗೆ ಏನೋ ಆಗಿದೆ. ಕಾರು ನಿಲ್ಲಿಸಲು ಹೇಳು," ಎಂದಳು. ಮಿರೆಕ್ ಕನ್ನಡಿಯಲ್ಲಿ ಅವಳನ್ನು ನೋಡಿದರು. "ಯಾರು ನಿಲ್ಲಿಸುವುದು? ಯಾಕೆ ನಿಲ್ಲಿಸುವುದು?" ಕಾರು ಒಮ್ಮೆ ಎಡಕ್ಕೆ ಓಲಾಡಿ ನಡುಗೋಡೆಯ ಹತ್ತಿರ ಹೋಗಿ ವಾಪಸು ಬಂತು.

"ತನು, ಇಂಗ್ಲಿಷ್ ಬ್ಯಾಡ," ಎಂದೆ, ಹಾಡು ಹೇಳಿದ ಹಾಗೆ. "ಅವರಿಗೆ ತಿಳಿಯೂದು ಬ್ಯಾಡ. ಕನ್ನಡದಾಗ ಮಾತಾಡು. ನಕ್ಕೋತ ಮಾತಾಡು."

ಹುಟ್ಟಿದಂದಿನಿಂದ ನನ್ನೊಡನೆ ಒಂದು ಪೂರ್ತಿ ಕನ್ನಡ ವಾಕ್ಯ ಆಡದ ಹುಡುಗಿ ಹೇಳಿದಳು: "ಮಾವಶಿ, ನನಗ ಅಂಜಿಕಿ ಬರತೈತಿ."

"ನನಗೂ ಬರತೈತಿ. ಅವ್ವಗ ಮೆಸೇಜ್ ಹಾಕು."

"ಹಾಕೀನಿ. ಅವ್ವ ಫೋನ್ ಮಾಡಾಕತ್ತಾಳ. ಸೌಂಡ್ ಬಂದ್ ಮಾಡೀನಿ."

ವಿಶ್ರಾಂತಿ ತಾಣದ ಫಲಕ ಕಂಡಿತು. "ಮಿರೆಕ್, ನನಗೆ ಬಾತ್‌ರೂಮಿಗೆ ಹೋಗಬೇಕು. ಇಲ್ಲಿ ನಿಲ್ಲಿಸಿ," ಎಂದೆ.

"ಅರ್ಧ ಆಟ ಮುಗಿಯಲಿ," ಎಂದರು ಸಹಜವಾಗಿ. ಫಲಕ ಹಿಂದಕ್ಕೆ ಹೋಯಿತು. ತಾಣವೂ ಹೋಯಿತು, ಅಲ್ಲಿ ಯಾರೋ ನಾಯಿಗೆ ನೀರು ಕುಡಿಸುತ್ತಿದ್ದದ್ದು ಕಂಡಿತು.

ಆಗ ನಾನು ದೊಡ್ಡ ತಪ್ಪು ಮಾಡಿದೆ. ಸಂಜೆ ಐದರ ಆಟ, ಓಸ್ಟ್ರಾವಾ: ನೋಟ್‌ಬುಕ್ ತೊಡೆಯ ಮೇಲಿತ್ತು. ಅವರು ಹೋಗುತ್ತಿರುವುದು ಆ ಪಂದ್ಯಕ್ಕೇ ಎಂದು ಹೊಳೆಯಿತು. ಆಟ ಮುಗಿದಿದೆಯೆಂದು ತಿಳಿದರೆ ಕಾಲು ಸಡಿಲವಾಗಬಹುದು ಅಂದುಕೊಂಡೆ. "ಆ ಆಟ ಮುಗಿಯಿತು ಮಿರೆಕ್. ನೀವು ಗೆದ್ದಿರಿ. ಒಂದು ಸೊನ್ನೆ. ನೀವೇ ಗೋಲು ಹೊಡೆದಿರಿ."

ಅವರು ರಸ್ತೆ ಬಿಟ್ಟು ನನ್ನನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೋ! ಆ ಕಣ್ಣುಗಳು ನನ್ನ ಕನಸಿನಲ್ಲಿ ಬರುತ್ತವೆ. "ಇಲ್ಲ. ಆ ಆಟ ಇನ್ನೂ ಆಡಿಲ್ಲ. ಈ ಸಲ ಸರಿಯಾಗಿ ಆಡುತ್ತೇನೆ. ತಡವಾದರೆ ನನ್ನ ಜಾಗಕ್ಕೆ ಬೇರೆಯವನನ್ನು ಹಾಕುತ್ತಾರೆ."

ಕಾಲು ಇನ್ನೂ ಒತ್ತಿದರು. ತೊಂಬತ್ತು.

ಮುಂದೆ ರಸ್ತೆ ಸ್ವಲ್ಪ ಏರಿ ಇಳಿಯುವಲ್ಲಿ, ಓಷನ್‌ಸೈಡ್ ಊರು ಸಮೀಪಿಸುವ ಕಡೆ, ಕೆಂಪು ದೀಪಗಳು ಕಂಡವು. ಮೊದಲು ಒಂದು ಸಾಲು, ಆಮೇಲೆ ಎಲ್ಲ ಸಾಲು. ಟ್ರಾಫಿಕ್ ನಿಂತಿತ್ತು. ನಾವು ನಿಲ್ಲುವವರಾಗಿರಲಿಲ್ಲ. ಮಿರೆಕ್ ಆ ದೀಪಗಳನ್ನು ನೋಡುತ್ತಿದ್ದರು, ಆದರೆ ಅವರಿಗೆ ಕಂಡದ್ದು ಬೇರೆ ಏನೋ; ಅವರ ತುಟಿಯಲ್ಲಿ ಸಣ್ಣ ನಗು ಇತ್ತು. ಅವ್ವನ ಮುಖ ನೆನಪಾಯಿತು, ಸುಜಾತಾಗೆ ಏನು ಹೇಳಲಿ ಎಂಬುದೊಂದೇ ಯೋಚನೆ.

"ಮಾವಶಿ, ಡೌನ್ ಅಂತ ಕೂಗಲೇನು?" ಎಂದಳು ತನು.

ನನಗೆ ಅರ್ಥವಾಗುವ ಮೊದಲೇ ಅವಳು ಕೂಗಿಬಿಟ್ಟಳು, ಮೈದಾನದ ಆ ಕಡೆಯಿಂದ ಈ ಕಡೆಗೆ ಕೇಳುವ ದನಿಯಲ್ಲಿ: "ಪ್ಲೇಯರ್ ಡೌನ್! ಕೋಚ್, ಪ್ಲೇಯರ್ ಡೌನ್!"

ನಾನೂ ಕೂಗಿದೆ. ಇಬ್ಬರೂ ಕೂಗಿದೆವು.

ಗೆರೆಯಾಚೆ

ಅವರ ತಲೆ ಬಲಕ್ಕೆ ತಿರುಗಿತು. ಚೆಂಡು ಬರುವ ಮೊದಲು ನಡು ಮೈದಾನದ ಆಟಗಾರ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾನಲ್ಲ, ಹಾಗೆ. ಕಾಲು ಬ್ರೇಕಿಗೆ ಹೋಯಿತು. ಒಂದು ಸಾಲು ದಾಟಿದೆವು, ಎರಡು, ಮೂರು. ಎಲ್ಲ ಕಡೆಯಿಂದ ಹಾರ್ನ್. ದೊಡ್ಡ ಟ್ರಕ್ಕೊಂದರ ಮುಂಭಾಗ ನನ್ನ ಕಿಟಕಿಯ ತುಂಬ ಬಂದು ಮಾಯವಾಯಿತು. ಬಿಳಿ ಗೆರೆ ದಾಟಿ ಕಲ್ಲು ಜಲ್ಲಿಯ ಮೇಲೆ ಕಾರು ಕರಕರ ಅಂತ ಜಾರಿ ನಿಂತಿತು.

ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮಿರೆಕ್ ಕಾರಿನಿಂದ ಇಳಿದಿದ್ದರು. ಬಲಗೈ ಮೇಲೆತ್ತಿದ್ದರು, ಚೆಂಡು ಹೊರಗೆ ಹಾಕಿದೆ, ಬನ್ನಿ ಎಂದು ರೆಫರಿಗೆ ತೋರಿಸುವ ಕೈ. ನಿಂತ ಟ್ರಾಫಿಕ್ ಇನ್ನೂ ಮುಂದಿತ್ತು, ನಮ್ಮ ಪಕ್ಕ ಕಾರುಗಳು ಓಡುತ್ತಲೇ ಇದ್ದವು. ಬಿದ್ದವನನ್ನು ಹುಡುಕುತ್ತ ಮಿರೆಕ್ ಅವುಗಳ ಕಡೆಗೇ ನಡೆದರು. ನಾನು ಇಳಿದು ಓಡಿ ಅವರ ಜಾಕೆಟ್ ಹಿಡಿದೆ. ಅವರ ಮೈಯಲ್ಲಿ ಇನ್ನೂ ಆಟಗಾರನ ಬಲ ಇತ್ತು. ನನ್ನನ್ನೂ ಎಳೆದುಕೊಂಡು ಗೆರೆಯ ಹತ್ತಿರ ಹೋದರು. ಕಾರುಗಳು ಹಾಯುವ ಗಾಳಿಗೆ ನನ್ನ ದುಪಟ್ಟಾ ಹಾರಿಹೋಯಿತು.

"ಕೋಚ್! ಇಲ್ಲಿ! ನಾನು ಇಲ್ಲಿದ್ದೇನೆ!"

ತನು ರಸ್ತೆಯಿಂದ ದೂರ, ದಿಬ್ಬದ ಒಣಹುಲ್ಲಿನ ಮೇಲೆ ಉದ್ದಕ್ಕೆ ಮಲಗಿದ್ದಳು. ಅಭ್ಯಾಸದಲ್ಲಿ ಮಲಗುವ ಹಾಗೆಯೇ, ಒಂದು ಕೈ ಎದೆಯ ಮೇಲೆ, ಒಂದು ಕೈ ಪಾದದ ಕಡೆ.

ಮಿರೆಕ್ ನಿಂತರು. ತಿರುಗಿದರು. ಆಮೇಲೆ ಆ ಬಾಗಿದ ಕಾಲುಗಳಲ್ಲಿ ಓಡಿಹೋಗಿ ಅವಳ ಪಕ್ಕ ಮಂಡಿಯೂರಿದರು. ಅವಳ ಹಣೆ ಮುಟ್ಟಿದರು, ಕಣ್ಣು ನೋಡಿದರು, ಚೆಕ್ ಭಾಷೆಯಲ್ಲಿ ಏನೋ ಕೇಳಿದರು. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರು. ಅವಳು ಅಲುಗಾಡಲಿಲ್ಲ. "ಏಳಬ್ಯಾಡ ಚಿನ್ನಾ, ಹಂಗ ಮಲಗು," ಎನ್ನುತ್ತ ನಾನೂ ಅಲ್ಲೇ ಕುಸಿದೆ.

ಎಷ್ಟೋ ಹೊತ್ತಿನ ಮೇಲೆ ಅವರು ಇಂಗ್ಲಿಷಿನಲ್ಲಿ, "ತನು? ನಿನಗೇನಾಯಿತು? ನಾವು ಯಾಕೆ ಇಲ್ಲಿದ್ದೇವೆ?" ಎಂದರು.

ಯಾರೋ ನೋಡಿದವರು ತಿಳಿಸಿದ್ದರಿಂದ ಹೆದ್ದಾರಿ ಪೊಲೀಸರ ಕಾರು ಬಂತು. ಅದರ ಹಿಂದೆಯೇ, ನಕ್ಷೆಯ ಮೇಲೆ ತನುವಿನ ಫೋನಿನ ಚುಕ್ಕೆ ಹಿಡಿದು, ಜ್ವರದ ಮೈಯಲ್ಲೇ ರಘು ಮತ್ತು ಸುಜಾತಾ ಬಂದರು. ಸುಜಾತಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಗಳನ್ನು ತಬ್ಬಿ ಅಲ್ಲೇ ಕೂತುಬಿಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಅಧಿಕಾರಿ ನನ್ನನ್ನು ಬದಿಗೆ ಕರೆದರು. "ಚಾಲಕರಿಗೆ ಗೊಂದಲವಾಗಿತ್ತೇ? ಎಲ್ಲಿದ್ದೇವೆಂದು ಗೊತ್ತಿರಲಿಲ್ಲವೇ?"

ಮಿರೆಕ್ ನನ್ನನ್ನೇ ನೋಡುತ್ತಿದ್ದರು. ಕೆಲವೇ ನಿಮಿಷದ ಹಿಂದೆ ನನ್ನ ಕಿವಿಯಲ್ಲಿ, "ಲೆಂಕಾಗೆ ಹೇಳಬೇಡಿ. ತಂಡ ಹೋದರೆ ನನಗೆ ಏನೂ ಉಳಿಯುವುದಿಲ್ಲ," ಎಂದಿದ್ದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಅಧಿಕಾರಿಗೆ ಹೇಳಿದೆ: "ದಣಿದಿದ್ದರು. ಬೆಳಗಿನಿಂದ ಎರಡು ಪಂದ್ಯ. ತೂಕಡಿಕೆ ಬಂತು, ಅವರೇ ಬದಿಗೆ ನಿಲ್ಲಿಸಿದರು."

ಮಿರೆಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕಾರನ್ನು ರಘು ಓಡಿಸಿದ. ನಾವು ಸುಜಾತಾಳ ಕಾರಿನಲ್ಲಿ ಕೂತೆವು. ಕಾರ್ಲ್ಸ್‌ಬಾಡ್ ಬರುವವರೆಗೆ ತನು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಮೇಲೆ ಇಂಗ್ಲಿಷಿನಲ್ಲಿ, "ನೀನು ಸುಳ್ಳು ಹೇಳಿದೆ," ಎಂದಳು.

ಕಾರ್ಮೆಲ್ ವ್ಯಾಲಿ, ಭಾನುವಾರದಿಂದ ಗುರುವಾರ

ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಕೆಂಪು ದೀಪ. ಹಾಸಿಗೆಯಲ್ಲಿ ನನ್ನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಹಗಲಿನಲ್ಲಿ ಅಡುಗೆಮನೆಯ ಮಿಕ್ಸರ್ ತಿರುಗಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಸುಜಾತಾ ಅಂಗಡಿಗೆ ಕರೆದರೆ ಕಾರು ಹತ್ತಲು ಆಗದೆ ತಲೆನೋವು ಎನ್ನುತ್ತಿದ್ದೆ.

ಭಾನುವಾರ ರಘು ಒಂದು ಹಳದಿ ಚೀಟಿ ತಂದು ಕೊಟ್ಟ. ಮಿರೆಕ್‌ರ ಕಾರು ಓಡಿಸುವಾಗ ಕಾಲ ಬಳಿ ಬಿದ್ದಿತ್ತಂತೆ, ಕೈಗೆತ್ತಿಕೊಂಡವನು ಮರೆತು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ತನು ಫೋನಿನಲ್ಲಿ ಅದರ ಅರ್ಥ ನೋಡಿ ಓದಿದಳು. "ಯಾನಾ ಈಗಿಲ್ಲ. ಅವಳಿಗೆ ಫೋನ್ ಮಾಡಬೇಡ."

ಅವರ ತಂತ್ರ ಇದು. ನಾನು ಶಿಸ್ತು ಎಂದು ಬರೆದುಕೊಂಡದ್ದು.

"ಅಕ್ಕಾ, ಲೆಂಕಾಗ ಹೇಳಬೇಕಾಗ್ತೈತಿ," ಎಂದಳು ಸುಜಾತಾ.

"ನನಗ ಕೈಮುಗದು ಕೇಳ್ಯಾರ. ಅಷ್ಟು ವಯಸ್ಸಿನವ್ರು. ಅವರಿಗೆ ಇರೂದು ಅದೊಂದ ತಂಡ."

"ಬರೋ ಶನಿವಾರ ಮತ್ತ ಮ್ಯಾಚ್ ಐತಿ. ಅವ್ರ ಕಾರಿನ್ಯಾಗ ಮೂರು ಹುಡಿಗ್ಯಾರ್ನ ಕರಕೊಂಡು ಹೋಗಾವ್ರು ಅದಾರ. ಎಲ್ಲಾರೂ ನಿದ್ದಿಗಣ್ಣಿಂದ ಹಂಗಾತು ಅಂತ ನಂಬ್ಯಾರ. ನೀ ಹೇಳಿದ ಮಾತು ಅದು."

ಅದು ನಿಜವಾಗಿತ್ತು. ಸೋಮವಾರದಿಂದ ಗುರುವಾರದವರೆಗೆ ನಾನು ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಆ ಮೂರು ಹುಡುಗಿಯರು ಯಾರೆಂದು ತನುವನ್ನು ಕೇಳಿದೆ. ಅವಳು ಹೆಸರು ಹೇಳಿದಳು. ಒಬ್ಬಳಿಗೆ ಹಲ್ಲಿಗೆ ತಂತಿ ಹಾಕಿದ್ದರು. ಹುಲ್ಲಿನ ಮೇಲೆ ಮೊದಲ ದಿನ ಮಲಗಿದವಳು ಅವಳೇ. ಹೆಸರು ಕೇಳಬಾರದಿತ್ತು. ಕೆಂಪು ದೀಪಗಳ ನಡುವೆ ಈಗ ಆ ಮುಖವೂ ಬರತೊಡಗಿತು. ಬಿದ್ದವರಿದ್ದರು, ಎಲ್ಲರೂ ಕೂಗುತ್ತಿದ್ದರು, ಚೆಂಡು ನನ್ನ ಕಾಲಲ್ಲಿತ್ತು. ನಾನು ಕೇಳಿಸಿಕೊಳ್ಳದವಳ ಹಾಗೆ ಓಡುತ್ತಿದ್ದೆ.

ಗುರುವಾರ ಮಧ್ಯಾಹ್ನ ಲೆಂಕಾಗೆ ಫೋನ್ ಮಾಡಿದೆ.

ಮಿರೆಕ್ ಮನೆ, ಶುಕ್ರವಾರ

ಲೆಂಕಾ ರಜೆ ಹಾಕಿ ರೆಡೊಂಡೊ ಬೀಚ್‌ನಿಂದ ಬಂದಳು. ಅವರ ಬೆನ್ನ ಹಿಂದೆ ಹೇಳುವುದಿಲ್ಲ, ಅವರೆದುರೇ ಹೇಳುತ್ತೇನೆ ಎಂದಿದ್ದೆ. ಅಡುಗೆಮನೆಯ ಸಣ್ಣ ಮೇಜಿನ ಸುತ್ತ ನಾಲ್ವರು ಕೂತೆವು: ಅಪ್ಪ, ಮಗಳು, ಸುಜಾತಾ, ನಾನು. ಮಿರೆಕ್ ಸಾಸೇಜ್ ಬೇಕೇ ಎಂದು ಕೇಳಿದರು. ಬೇಡವೆಂದೆ. ಕಾರಿನ ಕೀಲಿ ಮೇಜಿನ ಮೇಲೆ ಅವರ ಕೈಯ ಪಕ್ಕ ಇತ್ತು.

ನೋಟ್‌ಬುಕ್ ತೆರೆದು ಅವರ ಆಟದ ಬದುಕನ್ನು ಮೊದಲಿಂದ ಓದಿದೆ. ಬೇರೆ ಹೇಗೆ ಶುರು ಮಾಡಬೇಕೆಂದು ತೋಚಲಿಲ್ಲ. ಗಣಿ, ಸೇನೆ, ಹಗ್ಗಕ್ಕೆ ಕಟ್ಟಿದ ಚೆಂಡು, ಗೆರೆಯ ಪಕ್ಕದ ಹನ್ನೊಂದು ನಿಮಿಷ, ಸೈಪ್ರಸ್. ಅವರು ತಲೆಯಾಡಿಸುತ್ತ ಕೇಳಿದರು. ಓಸ್ಟ್ರಾವಾದ ಆಟ ಬಂದಾಗ ತಲೆ ತಗ್ಗಿಸಿದರು.

"ಆಮೇಲೆ?" ಎಂದರು, ನಾನು ನಿಲ್ಲಿಸಿದಾಗ.

"ಆಮೇಲೆ ಕಳೆದ ಶನಿವಾರ," ಎಂದೆ. ಮೂರು ನಲವತ್ತೆರಡರಿಂದ ಶುರು ಮಾಡಿ ಎಲ್ಲ ಹೇಳಿದೆ. ಓಲೊಮೌಟ್ಸ್, ತೊಂಬತ್ತು ಮೈಲಿ, ಕೆಂಪು ದೀಪ, ಟ್ರಕ್ಕು, ಹುಲ್ಲಿನ ಮೇಲೆ ಮಲಗಿದ ತನು. ಪೊಲೀಸರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಲೆಂಕಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಮಿರೆಕ್ ಬೈಯುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಕೀಲಿಯನ್ನೇ ನೋಡಿದರು.

"ಓಸ್ಟ್ರಾವಾದಲ್ಲಿ ನನಗೆ ಕೇಳಿಸಲಿಲ್ಲ ಅಂದಿದ್ದೆನಲ್ಲ, ಅದನ್ನು ತಿದ್ದಿಕೊಳ್ಳಿ," ಎಂದರು. "ಕೇಳಿಸಿತ್ತು. ಎಲ್ಲರ ದನಿಯೂ ಕೇಳಿಸಿತ್ತು."

ನಾನು ಪೆನ್ನು ಮುಟ್ಟಲಿಲ್ಲ.

ಅವರು ತೋರುಬೆರಳಿನಿಂದ ಕೀಲಿಯನ್ನು ಮೆಲ್ಲಗೆ ತಳ್ಳಿದರು. ಅದು ಮೇಜಿನ ಮೇಲೆ ಜಾರಿ, ಅಂಚಿಗೆ ಬಂದು, ಆಚೆ ಬಿದ್ದು ನೆಲದ ಮೇಲೆ ಸದ್ದು ಮಾಡಿತು. ಅವರ ಬಲಗೈ ಅರ್ಧ ಮೇಲೆದ್ದಿತ್ತು. ಲೆಂಕಾ ಬಗ್ಗಿ ಕೀಲಿ ಎತ್ತಿಕೊಂಡಳು.

ಮಧ್ಯಾಹ್ನ ಅವಳೇ ಡಾಕ್ಟರಿಗೆ ಫೋನ್ ಮಾಡಿದಳು. ಸುಜಾತಾ ತಂಡದ ಪಾಲಕರಿಗೆ ನಡೆದದ್ದನ್ನು ತಿಳಿಸಿದಳು. ನನ್ನ ಹೇಳಿಕೆ ತಪ್ಪಾಗಿತ್ತೆಂದು ಪೊಲೀಸರಿಗೆ ನಾನೇ ಫೋನಿನಲ್ಲಿ ಹೇಳಿದೆ. ಮಿರೆಕ್ ಇನ್ನು ಮೈದಾನಕ್ಕೆ ಬರಬಹುದೇ ಇಲ್ಲವೇ ಎಂದು ಪಾಲಕರಲ್ಲಿ ಸಂಜೆಯವರೆಗೂ ಮಾತುಕತೆ ನಡೆಯಿತಂತೆ. ಕೇಳುವ ಧೈರ್ಯ ನನಗಿರಲಿಲ್ಲ. ಊಟ ಮಾಡಿ ಬೇಗ ಮಲಗಿದೆ.

ಶನಿವಾರ ಬೆಳಿಗ್ಗೆ

ಯಾರೋ ಭುಜ ಅಲುಗಾಡಿಸಿದಾಗ ಎಚ್ಚರವಾಯಿತು. ಪರದೆಯ ಸಂದಿಯಿಂದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಎಂಟು ದಿನದಲ್ಲಿ ಅದೇ ಮೊದಲ ಸಲ.

ತನು ಆಟದ ಬಟ್ಟೆ ತೊಟ್ಟು ನಿಂತಿದ್ದಳು. "ಏಳು ಮಾವಶಿ, ಹೊತ್ತಾತು," ಎಂದಳು, ಕನ್ನಡದಲ್ಲಿ. "ವ್ಯಾನ್ ಬಂದೈತಿ. ಕೋಚ್ ಹಿಂದಿನ ಸೀಟಿನ್ಯಾಗ ಕುಂತಾರ."

ಕಿಟಕಿಯ ಬಳಿ ಹೋಗಿ ನೋಡಿದೆ. ಹುಡುಗಿಯರ ನಡುವೆ, ಮೊಣಕಾಲ ಮೇಲೆ ಚೆಂಡಿನ ಚೀಲ ಇಟ್ಟುಕೊಂಡು ಅವರು ಕೂತಿದ್ದರು.

"ಬೆಲ್ಟ್ ಹಾಕ್ಯಾರೇನು ನೋಡು," ಎಂದೆ.

"ನಾನ ಹಾಕೀನಿ," ಎಂದಳು ತನು.